ಏಳಲಾರದ ಕಾವಲು ನಾಯಿಯ ಆರೈಕೆ

ಬಂಟವಾಳ, ಬೆಳ್ತಂಗಡಿ, ಮೂಡಬಿದ್ರೆ ಕಡೆಯ ಕೃಷಿಕರ ಮನೆಗಳು ಒಂದಕ್ಕೊಂದು ಒತ್ತಾಗಿರುವುದಿಲ್ಲ. ನಡುವೆ ಗದ್ದೆ, ಗುಡ್ಡ, ಅಡಕೆಯ ತೋಟಗಳಿರುತ್ತವೆ. ರಾತ್ರಿ ಕಾಡುಹಂದಿ ತೋಟಕ್ಕಿಳಿದರೂ, ಅಪರಿಚಿತರು ಅಂಗಳಕ್ಕೆ ಬಂದರೂ ಮೊದಲು ತಿಳಿಸತಕ್ಕದ್ದು ನಾಯಿಯೇ. ಆದರೆ ಹಸು ಕುಂಟಿದ ದಿನವೇ ಪಶುವೈದ್ಯರಿಗೆ ಹೇಳಿಕಳುಹಿಸುವ ಯಜಮಾನರು, ನಾಯಿ ಹಿಂಗಾಲನ್ನು ಎಳೆಯತೊಡಗಿದರೆ ಅದರ ಕಾಲ ಮುಗಿಯಿತೆಂದು ಸುಮ್ಮನಾಗುವುದುಂಟು. ಕೆಲವರು ಅದನ್ನು ಹೆದ್ದಾರಿಯ ಬದಿಯಲ್ಲಿ ಬಿಟ್ಟುಬರುವುದೂ ಉಂಟು. ಇದು ಸರಿಯಾದ ಕ್ರಮವಲ್ಲ. ಬಿದ್ದ ನಾಯಿಗಳಲ್ಲಿ ಹಲವು, ಕಾರಣವನ್ನು ಬೇಗನೆ ತಿಳಿದು ಕೆಲವು ವಾರ ಶ್ರದ್ಧೆಯಿಂದ ಶುಶ್ರೂಷೆ ಮಾಡಿದಲ್ಲಿ ಪುನಃ ನಡೆಯಬಲ್ಲವು.

ಮುಟ್ಟುವುದಕ್ಕೆ ಮೊದಲು ಒಂದು ವಿಚಾರವನ್ನು ನಿಶ್ಚಯಿಸಿಕೊಳ್ಳಬೇಕು. ಹುಚ್ಚುನಾಯಿಯೆಂದರೆ ಕಂಡಕಂಡವರನ್ನು ಕಚ್ಚುತ್ತ ಓಡುವುದೆಂದೇ ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಆ ರೋಗಕ್ಕೆ ಮೂಕಹುಚ್ಚೆಂಬ ಇನ್ನೊಂದು ರೂಪವಿದೆ. ಅದರಲ್ಲಿ ನಾಯಿಯು ಯಾರನ್ನೂ ಅಟ್ಟುವುದಿಲ್ಲ. ಕತ್ತಲೆ ಮೂಲೆಯನ್ನು ಸೇರುತ್ತದೆ, ಧ್ವನಿ ಬದಲಾಗುತ್ತದೆ, ಕೆಳದವಡೆ ಜೋಲುಬಿದ್ದು ಜೊಲ್ಲು ಸುರಿಯುತ್ತದೆ, ಹಿಂಗಾಲುಗಳು ಸೋಲುತ್ತವೆ, ಕೆಲವೇ ದಿನಗಳಲ್ಲಿ ಸಾಯುತ್ತದೆ. ಗಂಟಲಲ್ಲಿ ಎಲುಬು ಸಿಕ್ಕಿರಬಹುದೆಂದು ಇಂಥ ನಾಯಿಯ ಬಾಯಿಗೆ ಕೈಹಾಕುವವರು ಪ್ರಾಣಕ್ಕೆ ಅಪಾಯ ತಂದುಕೊಳ್ಳುತ್ತಾರೆ. ಚುಚ್ಚುಮದ್ದು ಹಾಕಿಸದ ನಾಯಿಯು ಏಟಿನ ಗುರುತಿಲ್ಲದೆ ಕಾಲು ಸೋತರೆ, ಅದನ್ನು ಒಂದು ಕೋಣೆಯಲ್ಲಿ ಕೂಡಿ, ಮಕ್ಕಳನ್ನು ದೂರವಿರಿಸಿ, ಪಶುವೈದ್ಯರನ್ನು ಕರೆಯಿಸತಕ್ಕದ್ದು. ಕಚ್ಚಿದ್ದರೆ ಅಥವಾ ಗಾಯವಿದ್ದ ಕೈಗೆ ಜೊಲ್ಲು ತಗಲಿದ್ದರೆ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಬೇಕು. ಪಾಸ್ತರ್ ಮಹಾಶಯನು 1885ರಲ್ಲಿ ಈ ಚಿಕಿತ್ಸೆಯನ್ನು ಕಂಡುಕೊಟ್ಟನು. ಹೊಕ್ಕುಳ ಸುತ್ತಲೂ ಹಲವಾರು ಸೂಜಿಗಳನ್ನು ಚುಚ್ಚಿಸಿಕೊಳ್ಳಬೇಕಾಗಿದ್ದ ಕಾಲವು ಈಗ ಕಳೆದುಹೋಗಿದೆ. ತೋಳಿಗೆ ಕೆಲವೇ ಚುಚ್ಚುಮದ್ದುಗಳು ಸಾಕು. ಆದಕಾರಣ ಹೆದರಿ ತಡಮಾಡುವುದಕ್ಕೆ ಕಾರಣವಿಲ್ಲ.

ಹುಚ್ಚಲ್ಲವೆಂದು ತಿಳಿದ ಮೇಲೆ ಉಳಿದ ಕಾರಣಗಳನ್ನು ನೋಡೋಣ. ವಾಹನದ ಏಟು ಸಾಮಾನ್ಯವಾದದ್ದು, ಬಿ.ಸಿ. ರೋಡಿನಿಂದ ಚಾರ್ಮಾಡಿ ಘಾಟಿಯ ಕಡೆಗೂ, ಮಂಗಳೂರಿನಿಂದ ಮೂಡಬಿದ್ರೆಯ ಮಾರ್ಗವಾಗಿ ಕಾರ್ಕಳಕ್ಕೂ ಹೋಗುವ ಹೆದ್ದಾರಿಗಳ ಬದಿಯ ಮನೆಯವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಹಂದಿಗೆ ಇಟ್ಟ ಉರುಳಿಗೆ ನಾಯಿ ಬೀಳುವುದೂ ಇದೆ. ಉಣುಗುಗಳಿಂದ ಬರುವ ಜ್ವರದಲ್ಲಿ ಒಸಡು ಬಿಳಿಚಿಕೊಂಡು, ಕೀಲುಗಳು ಬಿಗಿದು, ನಾಯಿ ಏಳಲೊಲ್ಲದು. ಕೆಲವೊಮ್ಮೆ ಮೂಗಿನಿಂದ ರಕ್ತವೂ ಬರುವುದು. ಬೇಗನೆ ಚಿಕಿತ್ಸೆ ಮಾಡಿಸಿದರೆ ಸಾಮಾನ್ಯವಾಗಿ ಇದು ಗುಣವಾಗತಕ್ಕ ರೋಗ. ರಾತ್ರಿ ಚೆನ್ನಾಗಿದ್ದ ನಾಯಿ ಬೆಳಿಗ್ಗೆ ಬಾವಿಲ್ಲದೆ, ಗಾಯ ಕಾಣದೆ, ಮೈ ಸಡಿಲಿ ಬಿದ್ದಿದ್ದರೆ ಕಟ್ಟುಹಾವಿನ ಕಡಿತವನ್ನು ಶಂಕಿಸಬೇಕು. ಇಲ್ಲಿ ಗಂಟೆಗಳೇ ಲೆಕ್ಕ. ಮರಿಗಳಿಗೆ ಬರಿಯ ಗಂಜಿಯನ್ನೇ ಹಾಕಿ ಸಾಕಿದಲ್ಲಿ ಸುಣ್ಣದ ಅಂಶ ಸಾಲದೆ ಎಲುಬು ಮೆತ್ತಗಾಗಿ ಕಾಲು ಬಾಗುವುದು. ಮುದಿ ನಾಯಿಗೆ ಕೀಲುವಾತ.

ಬೆನ್ನಿಗೆ ಏಟು ಬಿದ್ದ ನಾಯಿಯನ್ನು ಮುಂಗಾಲು ಹಿಂಗಾಲು ಹಿಡಿದು ಎತ್ತಕೂಡದು. ಮುರಿಯದಿದ್ದ ಬೆನ್ನುಹುರಿಯು ಆ ಎತ್ತುವಿಕೆಯಲ್ಲೇ ಮುರಿಯಬಹುದು. ಅಗಲವಾದ ಹಲಗೆಯ ಮೇಲೆ ಮೆಲ್ಲನೆ ಸರಿಸಿ, ಬಟ್ಟೆಯಿಂದ ಕಟ್ಟಿ ಒಯ್ಯಬೇಕು. ನೋವಿನಲ್ಲಿರುವ ನಾಯಿ ಸಾಕಿದವನನ್ನೂ ಕಚ್ಚುತ್ತದೆ, ಆದಕಾರಣ ಉಸಿರಾಟಕ್ಕೆ ತೊಂದರೆಯಿಲ್ಲದಿದ್ದರೆ ಮೂತಿಗೆ ಬಟ್ಟೆಯ ಪಟ್ಟಿ ಸುತ್ತಿರಬೇಕು. ವೈದ್ಯರು ಹಿಂಗಾಲಿನ ಬೆರಳನ್ನು ಬಲವಾಗಿ ಚಿವುಟಿ ನೋಡುತ್ತಾರೆ. ಆಗ ಕಾಲು ಹಿಂದೆಗೆದುಕೊಂಡ ಮಾತ್ರದಿಂದ ಸಂತೋಷಪಡಬೇಡಿ, ಅದು ನರಗಳ ತನ್ನಿಂತಾನಾದ ಚಲನೆ. ನಾಯಿಯು ತಿರುಗಿ ನೋಡಿದರೆ ಅಥವಾ ಕೂಗಿದರೆ ನೋವು ಮಿದುಳಿಗೆ ಮುಟ್ಟಿತೆಂದು ಅರ್ಥ, ಚೇತರಿಕೆಗೆ ಒಳ್ಳೆಯ ಭರವಸೆಯುಂಟು.

ಇನ್ನು ಮನೆಯ ಕೆಲಸ. ಮಲಗಿದ ನಾಯಿಯನ್ನು ಮೂಲ ರೋಗಕ್ಕಿಂತಲೂ ಹಾಸಿಗೆಯ ಹುಣ್ಣು, ಕಟ್ಟಿದ ಮೂತ್ರ, ಗಾಯದ ಹುಳ ಇವೇ ಕೊಲ್ಲುವುದು ಹೆಚ್ಚು. ಕಾವಿ ಹಾಕಿದ ನುಣುಪು ಸಿಮೆಂಟಿನ ಜಗಲಿ ಇದಕ್ಕೆ ತಕ್ಕ ಸ್ಥಳವಲ್ಲ, ಇರುಚಲು ಬಡಿಯುವ ಹಟ್ಟಿಯ ಅಂಚೂ ಅಲ್ಲ. ಬಚ್ಚಲುಕೊಟ್ಟಿಗೆಯಲ್ಲಿ ಹಂಡೆಯ ಒಲೆಯಿಂದ ಸ್ವಲ್ಪ ದೂರದ, ಒಣಗಿದ ಬೆಚ್ಚನೆಯ ಮೂಲೆ ಉತ್ತಮ. ಕೆಳಗೆ ಬೈಹುಲ್ಲನ್ನು ಒಂದು ಗೇಣು ದಪ್ಪಕ್ಕೆ ಹರವಿ, ಮೇಲೆ ಗೋಣಿ, ಅದರ ಮೇಲೆ ಹಳೆಯ ಬಟ್ಟೆ ಹಾಸಬೇಕು. ಒದ್ದೆಯಾದದ್ದನ್ನು ಕೂಡಲೇ ಬದಲಿಸಬೇಕು. ಹಗಲು ಮೂರು ನಾಲ್ಕು ಗಂಟೆಗಳಿಗೊಮ್ಮೆ, ರಾತ್ರಿ ಒಂದೆರಡು ಸಲ ಮಗ್ಗುಲು ಬದಲಿಸಬೇಕು. ಸೊಂಟ, ಹೆಗಲು, ಮೊಣಕೈಗಳ ಎಲುಬು ಉಬ್ಬಿದಲ್ಲಿ ಚರ್ಮ ಕೆಂಪಾಗಿದೆಯೇ ಎಂದು ದಿನವೂ ನೋಡಬೇಕು. ಕೆಂಪು ಕಂಡ ದಿನ ಗಮನಿಸಿದರೆ ಹುಣ್ಣು ತಪ್ಪುತ್ತದೆ.

ಮೂತ್ರದ ವಿಚಾರದಲ್ಲಿ ಮನೆಯವರು ಮೋಸಹೋಗುತ್ತಾರೆ. ಹನಿಹನಿಯಾಗಿ ಸೋರುತ್ತಿದ್ದರೆ ಸರಿಯಾಗಿ ಹೋಗುತ್ತಿದೆಯೆಂದು ಭಾವಿಸುವರು. ತುಂಬಿದ ಚೀಲ ಉಕ್ಕಿ ಸೋರುವುದೂ ಹಾಗೆಯೇ ಕಾಣುತ್ತದೆ. ದಿನವೊಂದು ಕಳೆದರೂ ಮೂತ್ರ ಹೋಗದಿದ್ದರೆ ಕಾಯಬಾರದು. ಹೊಟ್ಟೆಯನ್ನು ಎಲ್ಲಿ, ಎಷ್ಟು ಒತ್ತಿ ಬರಿಸಬೇಕೆಂಬುದನ್ನು ವೈದ್ಯರ ಎದುರಿಗೇ ಕೈಯಿಂದ ಮಾಡಿ ಕಲಿಯತಕ್ಕದ್ದು. ನಮ್ಮ ಮಳೆಗಾಲದಲ್ಲಿ ಮಲಮೂತ್ರದಿಂದ ಒದ್ದೆಯಾದ ಕೂದಲಿಗೆ ನೊಣ ಮೊಟ್ಟೆಯಿಟ್ಟು ಬೇಗನೆ ಹುಳ ಬೀಳುವುದು. ಹಿಂಭಾಗದ ಕೂದಲನ್ನು ಗಿಡ್ಡವಾಗಿ ಕತ್ತರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಚೆನ್ನಾಗಿ ಒರಸಬೇಕು. ಅನ್ನವನ್ನು ಎದೆಯ ಮೇಲೆ ನೆಟ್ಟಗೆ ಕೂರಿಸಿಯೇ ತಿನ್ನಿಸಬೇಕು, ಮಗ್ಗುಲಲ್ಲಿ ಮಲಗಿಸಿ ಬಾಯಿಗೆ ಗಂಜಿ ಹೊಯ್ದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಮರುಕದಿಂದ ಹೆಚ್ಚು ಉಣ್ಣಿಸುವುದೂ ತಪ್ಪು. ಮೈ ಬೆಳೆದಷ್ಟೂ ಸೋತ ಕಾಲಿಗೆ ಭಾರ.

ಔಷಧದ ಅಂಗಡಿಯಿಂದ ಮನುಷ್ಯರ ನೋವಿನ ಗುಳಿಗೆ ತಂದು ಹಾಕುವ ಅಭ್ಯಾಸವನ್ನು ಪೂರ್ಣವಾಗಿ ಬಿಡಬೇಕು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಇವು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಸಹ ನಿರಪಾಯವಲ್ಲ. (ಡೈಕ್ಲೊಫೆನಾಕನ್ನು ಪ್ರಾಣಿಗಳಿಗೆ ಕೊಡುವುದನ್ನು ಸರಕಾರವು 2006ರಲ್ಲೇ ನಿಷೇಧಿಸಿತು. ಅದು ರಣಹದ್ದುಗಳ ನಾಶವನ್ನು ತಡೆಯಲು ಮಾಡಿದ್ದು; ನಾಯಿಗೂ ಲಾಭವೇ ಆಯಿತು.) ಉಣುಗಿಗೆ ಸೀಮೆಎಣ್ಣೆ ಬಳಿಯುವುದು, ತೋಟಕ್ಕೆ ತಂದ ಕೀಟನಾಶಕವನ್ನು ಮೈಗೆ ಹಚ್ಚುವುದು ಇನ್ನೂ ಅಪಾಯಕರ, ಕೆಲವು ಕೀಟನಾಶಕಗಳು ತಾವೇ ನಡುಕವನ್ನೂ ನಿಶ್ಶಕ್ತಿಯನ್ನೂ ತರುವಂಥವು.

ವೈದ್ಯರು ಅನುಮತಿಯಿತ್ತ ಬಳಿಕ ಅಂಗಸಾಧನೆ. ದಿನಕ್ಕೆ ಎರಡು ಮೂರು ಸಲ, ಒಂದೊಂದು ಕೀಲನ್ನೂ ಹತ್ತು ಹದಿನೈದು ಸಲ ಮೆಲ್ಲನೆ ಮಡಿಸಿ ಬಿಡಿಸಬೇಕು. ದಪ್ಪನೆಯ ಬೈರಾಸನ್ನೋ ಸೀಳಿದ ಗೋಣಿಯನ್ನೋ ಹೊಟ್ಟೆಯ ಕೆಳಗೆ, ಹಿಂಗಾಲಿನ ಮುಂದೆ ಹಾಯಿಸಿ, ಎರಡು ತುದಿಗಳನ್ನೂ ಮೇಲೆ ಹಿಡಿದು ಅಂಗಳದ ಮಣ್ಣಿನಲ್ಲಿ ಐದು ನಿಮಿಷ ನಡೆಯಿಸಿದರೆ, ಬಹಳ ನಾಯಿಗಳು ಕಾಲೂರಲು ಯತ್ನಿಸುತ್ತವೆ. ಎಳೆಯುವ ಪಾದವು ಮುರಕಲ್ಲಿಗೆ ಉಜ್ಜಿ ಹುಣ್ಣಾಗದಂತೆ ಬಟ್ಟೆಯ ಚೀಲ ತೊಡಿಸಬೇಕು. ಹಿಂಗಾಲು ಬಾರದೆ ಉಳಿದಲ್ಲಿ ಗಾಲಿಬಂಡಿಯನ್ನು ಉಪಯೋಗಿಸಬಹುದು. ಹಗುರವಾದ ಪೈಪುಗಳ ಚೌಕಟ್ಟು, ಸೊಂಟಕ್ಕೆ ಮೆತ್ತನೆಯ ಪಟ್ಟಿ, ಎರಡು ಚಿಕ್ಕ ಚಕ್ರ: ಅಳತೆ ಕೊಟ್ಟರೆ ಊರಿನ ಸೈಕಲ್ ರಿಪೇರಿಯವನೂ ಮಾಡಿಕೊಡಬಲ್ಲನು. ಭಾರವು ಚಕ್ರದ ಮೇಲೆ ನಿಲ್ಲಬೇಕೇ ಹೊರತು ಮುಂಗಾಲಿನ ಮೇಲಲ್ಲ. ಮೊದಮೊದಲು ಹತ್ತು ನಿಮಿಷ ಸಾಕು, ಕಟ್ಟಿಬಿಟ್ಟು ಮರೆಯಕೂಡದು.

ಸ್ಥಳಕ್ಕೆ ವೈದ್ಯರನ್ನು ಕರೆಯಿಸಲು 1962 ಎಂಬ ದೂರವಾಣಿ ಸಂಖ್ಯೆಯ ಸಂಚಾರಿ ಪಶುಚಿಕಿತ್ಸಾ ವಾಹನದ ವ್ಯವಸ್ಥೆಯಿದೆ. ಗ್ರಾಮದ ಮುಖಂಡರು ಈ ಸಂಖ್ಯೆಯನ್ನು ಹಾಲಿನ ಸೊಸೈಟಿಯ ಗೋಡೆಯ ಮೇಲೆ ಬರೆಯಿಸುವುದು ಒಳ್ಳೆಯದು.

ಎಲ್ಲ ಪ್ರಯತ್ನವಾದ ಮೇಲೂ ನೋವು ತಗ್ಗದೆ, ನಾಯಿ ಅನ್ನ ಬಿಟ್ಟು ನರಳುತ್ತಿದ್ದರೆ, ಪಶುವೈದ್ಯರ ಚುಚ್ಚುಮದ್ದಿನಿಂದ ನೋವಿಲ್ಲದ ಸಾವನ್ನು ಕೊಡಿಸುವುದು ನಮ್ಮ ಅಭಿಪ್ರಾಯದಲ್ಲಿ ನಿರ್ದಯೆಯಲ್ಲ. ವಿಷವಿಕ್ಕುವುದು, ಹಸಿವು ಬಾಯಾರಿಕೆಗಳಿಂದ ನರಳುವಂತೆ ತೊರೆದುಬರುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ ಅಪರಾಧಗಳು. ಸತ್ತ ನಾಯಿಯನ್ನು ತೋಡಿಗೆ ಎಸೆಯದೆ, ಬಾವಿಯಿಂದ ದೂರದಲ್ಲಿ, ಆಳು ಎದೆಯಷ್ಟು ಆಳದ ಹೊಂಡದಲ್ಲಿ ಹೂಳಿ, ನರಿಗಳು ಕೆದಕದಂತೆ ಮೇಲೆ ಕಲ್ಲು ಹೇರಬೇಕು.