‘ಫೊಲ್ಕ್’, ‘ಮಂದಿ’, ‘ದೈವ’: ಸಮುದಾಯವಾಚಕ ಪದಗಳ ಅರ್ಥನೆಲೆಗಳು

1846ರಲ್ಲಿ ವಿಲಿಯಂ ಥಾಮ್ಸ್ ‘ಫೋಕ್‌ಲೋರ್’ ಎಂಬ ಪದವನ್ನು ರೂಪಿಸಿದನು. ಕನ್ನಡದ ಅಧ್ಯಯನ ಪರಂಪರೆ ಅದಕ್ಕೆ ಸಂವಾದಿಯಾಗಿ ‘ಜಾನಪದ’ವನ್ನು ಸ್ವೀಕರಿಸಿತು. ಈ ಅನುವಾದದಲ್ಲಿ ‘ಫೋಕ್’ ಎಂದರೆ ಅನಕ್ಷರಸ್ಥ ಗ್ರಾಮೀಣ ಸಮುದಾಯ ಎಂಬ ಹತ್ತೊಂಬತ್ತನೆಯ ಶತಮಾನದ ಗ್ರಹಿಕೆಯೂ ಒಳಬಂದಿತು. ಪದದ ಪ್ರಾಚೀನ ರೂಪವಾದ ‘ಫೊಲ್ಕ್’ ಈ ಸೀಮಿತಾರ್ಥಕ್ಕೆ ಒಳಪಟ್ಟುದಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಪರಿಸರದ ಎರಡು ಆಡುನುಡಿಗಳೊಡನೆ ಅದನ್ನು ಹೋಲಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಾಚೀನ ಇಂಗ್ಲಿಷಿನಲ್ಲಿ ‘ಫೊಲ್ಕ್’ ಜನಸಮೂಹ, ಬುಡಕಟ್ಟು, ಸೈನ್ಯ ಎಂಬ ಅರ್ಥಗಳನ್ನು ಒಳಗೊಂಡಿತ್ತು. ‘ಫೊಲ್ಕ್‌ತೊಗ’ ಎಂದರೆ ಜನನಾಯಕ, ದಂಡನಾಯಕ. ‘ಫೊಲ್ಕ್‌ರಿಹ್ಟ್’ ಎಂದರೆ ಜನಸಮ್ಮತ ನ್ಯಾಯ. ‘ಫೊಲ್ಕ್‌ಗೆಮೋಟ್’ ಎಂದರೆ ಜನಸಭೆ. ಹೀಗೆ ಸಂಖ್ಯೆ, ಬಲ, ನ್ಯಾಯ ಎಂಬ ಮೂರು ನೆಲೆಗಳು ಈ ಪದದಲ್ಲಿ ಸೇರಿದ್ದವು.

ಮೊದಲೆರಡು ನೆಲೆಗಳಿಗೆ ಕನ್ನಡದಲ್ಲಿ ನಿಕಟವಾದುದು ‘ಮಂದಿ’. ‘ಮಂದಿ ಮಾರ್ಬಲ’ ಎಂಬ ಜೋಡುನುಡಿಯಲ್ಲಿ ಪರಿವಾರ ಹಾಗೂ ಸೈನ್ಯದ ಅರ್ಥ ಉಳಿದಿದೆ. ಈ ಭಾಗದ ಮಾತಿನಲ್ಲಿ ‘ಮನಿ ಮಂದಿ’ ಕುಟುಂಬವನ್ನೂ, ‘ನಮ್ಮ ಮಂದಿ’ ಬಂಧುಬಳಗ ಅಥವಾ ಜಾತಿಯನ್ನೂ ಸೂಚಿಸುತ್ತದೆ. ‘ಮಂದಿ ಏನಂದಾರು’ ಎಂಬಲ್ಲಿ ಅದೇ ಪದ ಹೊರಗಿನವರ ಕಣ್ಣಾಗುತ್ತದೆ. ಒಳಗು ಹೊರಗುಗಳೆರಡನ್ನೂ ಸೂಚಿಸುವ ಸಾಮರ್ಥ್ಯ ಇದರ ವೈಶಿಷ್ಟ್ಯ. ಮರಾಠಿಯ ಸಂಪರ್ಕವುಳ್ಳ ಹುಕ್ಕೇರಿ ಸೀಮೆಯಲ್ಲಿ ಜನವಾಚಕವಾದ ‘ಲೋಕ’ವೂ ಕಿವಿಗೆ ಬೀಳುತ್ತದೆ, ‘ಫೋಕ್’ನೊಡನೆ ಅದರ ಧ್ವನಿಸಾಮ್ಯ ಕೇವಲ ಆಕಸ್ಮಿಕ.

ಮೂರನೆಯದಾದ ನ್ಯಾಯದ ನೆಲೆಗೆ ಸಲ್ಲುವ ಪದ ‘ದೈವ’. ತುಳುನಾಡಿನಲ್ಲಿ ಈ ಪದ ಆರಾಧ್ಯ ಶಕ್ತಿಯನ್ನು ಸೂಚಿಸಿದರೆ, ಉತ್ತರ ಕರ್ನಾಟಕದಲ್ಲಿ ದೇವರೆಂಬ ಅರ್ಥದೊಡನೆ ಊರ ಹಿರಿಯರ ಕೂಟವನ್ನೂ ಸೂಚಿಸುತ್ತದೆ. ‘ದೈವ ಕೂಡಿತು’ ಎಂದರೆ ಜಾತ್ರೆಯ ನಿರ್ಣಯಕ್ಕೋ ಜಗಳದ ಪರಿಹಾರಕ್ಕೋ ಊರು ಸೇರಿತು ಎಂದರ್ಥ. ಇದು ‘ಫೊಲ್ಕ್‌ಗೆಮೋಟ್’ಗೆ ಸಮೀಪವಾದ ಪರಿಕಲ್ಪನೆ. ಆದರೆ ಈ ಕೂಟದಲ್ಲಿ ಸ್ತ್ರೀಯರಿಗೂ ದಲಿತರಿಗೂ ಸಾಂಪ್ರದಾಯಿಕವಾಗಿ ಸಮಾನ ಸ್ಥಾನ ದೊರೆತಿರಲಿಲ್ಲ ಎಂಬುದನ್ನು ಮರೆಯಲಾಗದು.

ಇದೇ ಪದ ಪ್ರದರ್ಶನ ಕಲೆಗಳಲ್ಲಿ ವಿಸ್ತಾರಗೊಳ್ಳುತ್ತದೆ. ಲಾವಣಿ, ಗೀಗೀ ಮೇಳದವರು ‘ಕೂಡಿದ ದೈವ’ಕ್ಕೆ ಶರಣು ಹೇಳುವಾಗ ಹಿರಿಯರೊಡನೆ ಆಟದ ಮುಂದೆ ಕುಳಿತ ಸಮಸ್ತರೂ ದೈವವೇ ಆಗುತ್ತಾರೆ. ಶ್ರೀಕೃಷ್ಣ ಪಾರಿಜಾತವನ್ನು ಬೆಳೆಸಿದ ಕುಲಗೋಡ ತಮ್ಮಣ್ಣ, ಅದೇ ಆಟದಿಂದ ಪ್ರಸಿದ್ಧಳಾದ ಕೌಜಲಗಿ ನಿಂಗಮ್ಮ ಈ ಸೀಮೆಯವರೇ. ನ್ಯಾಯದ ಕಟ್ಟೆಯಲ್ಲಿ ಹೆಣ್ಣಿಗೆ ಮಾತಿಲ್ಲದ ಕಾಲದಲ್ಲಿ, ಆಟದ ಅಟ್ಟದ ಮೇಲೆ ಹೆಣ್ಣೊಬ್ಬಳ ಮಾತನ್ನು ಊರೇ ಕುಳಿತು ಕೇಳಿತೆಂಬುದು ಗಮನಾರ್ಹ. ನ್ಯಾಯದ ದೈವಕ್ಕಿಂತ ಆಟದ ದೈವ ವಿಶಾಲವಾದುದು.

‘ಜನಪದ’ ಶಬ್ದಕ್ಕೆ ಈ ಇತಿಹಾಸವಿಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲಿ ಅದು ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕುರಿತದ್ದು, ಅಲ್ಲಿ ಭೂಪ್ರದೇಶದ ಭಾವ ಪ್ರಧಾನ. ಶಾಸ್ತ್ರದ ಹೆಸರಾಗಿ ‘ಜಾನಪದ’ದ ಉಪಯುಕ್ತತೆ ನಿರ್ವಿವಾದ. ಆದರೆ ಕ್ಷೇತ್ರಕಾರ್ಯದ ಪಠ್ಯಗಳನ್ನು ಲಿಪ್ಯಂತರಿಸುವಾಗ ‘ದೈವ’ವನ್ನು ‘ದೇವರು’ ಎಂದೋ ‘ಪ್ರೇಕ್ಷಕರು’ ಎಂದೋ, ‘ಮಂದಿ’ಯನ್ನು ‘ಜನತೆ’ ಎಂದೋ ತಿದ್ದಿದರೆ, ಸಮುದಾಯ ತನ್ನನ್ನು ತಾನು ಹೆಸರಿಸಿಕೊಂಡ ಬಗೆಯೇ ಅಳಿಸಿಹೋಗುತ್ತದೆ. ಯಾರು ಮಂದಿ, ಯಾರು ದೈವ, ಯಾರು ಎರಡರಿಂದಲೂ ಹೊರಗೆ ಎಂಬ ಪ್ರಶ್ನೆಗೆ ಉತ್ತರ ಆ ಪದಗಳಲ್ಲಿಯೇ ಇದೆ. ಆದ್ದರಿಂದ ಆಡಿದ ಪದವನ್ನು ಆಡಿದಂತೆಯೇ ದಾಖಲಿಸಿ, ಸಂದರ್ಭಸಹಿತ ಅರ್ಥ ನೀಡುವುದು ಸಂಶೋಧಕರ ಪ್ರಾಥಮಿಕ ಹೊಣೆಯಾಗಿದೆ.