ಮತ್ಸ್ಯಗಂಧ ಹೊರಡುವ ಮುನ್ನ ಪೊವಾಯಿ ಕೆರೆ

ಮುಂಬಯಿಯ ಕುರ್ಲಾದ ಬಂಟರ ಭವನದಲ್ಲಿ ಮದುವೆ, ಮರುದಿನ ಮಧ್ಯಾಹ್ನ ಕುರ್ಲಾ ಟರ್ಮಿನಸ್‌ನಿಂದ ಊರಿಗೆ ಮತ್ಸ್ಯಗಂಧ ರೈಲು. ನಡುವೆ ಒಂದು ಬೆಳಗ್ಗೆ ಖಾಲಿ ಇದೆ, ಏನು ನೋಡಲಿ ಎಂದು ಕಾರ್ಕಳದ ಗೆಳೆಯ ಫೋನ್ ಮಾಡಿದ್ದ. ಪೊವಾಯಿ ಕೆರೆಗೆ ಹೋಗು ಎಂದೆ. ಹಿಂದಿನ ವಾರವಷ್ಟೇ ನಾನು ಮಗಳನ್ನು ಕರೆದುಕೊಂಡು ಹೋಗಿ ಬಂದಿದ್ದೆ. ಅವನಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ.

ಮೊದಲಿಗೆ ದಾರಿ. ಕುರ್ಲಾ ಪಶ್ಚಿಮದಿಂದ ಸಾಕಿನಾಕಾ ಮೇಲೆ ಬಸ್ಸಿನಲ್ಲಿ ಹೋಗಬೇಡಿ. ನಾವು ಹಾಗೆಯೇ ಹೋದೆವು. ಬಸ್ಸಿಗೆ ಕಾದದ್ದು ಮುಕ್ಕಾಲು ಗಂಟೆ, ಸಾಕಿನಾಕಾದ ವಾಹನಗಳ ನಡುವೆ ಸಿಕ್ಕಿಬಿದ್ದದ್ದು ಇನ್ನೊಂದು ಗಂಟೆ. ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು, ಹಕ್ಕಿಗಳೆಲ್ಲ ನೆರಳು ಸೇರಿದ್ದವು. ಬೆಳಗ್ಗೆ ಆರರ ಸುಮಾರಿಗೆ ಕುರ್ಲಾದಿಂದ ಸ್ಲೋ ಲೋಕಲ್ ಹಿಡಿಯಿರಿ. ನಾಲ್ಕನೇ ಸ್ಟೇಷನ್ ಕಾಂಜೂರ್‌ಮಾರ್ಗ್. ಫಾಸ್ಟ್ ಗಾಡಿ ಅಲ್ಲಿ ನಿಲ್ಲುವುದಿಲ್ಲ. ಪಶ್ಚಿಮಕ್ಕೆ ಇಳಿದು ರಿಕ್ಷಾ ಹತ್ತಿ ‘ಐಐಟಿ ಮೇನ್ ಗೇಟ್ ದಾಟಿ ತಲಾವ್’ ಎಂದರೆ ಸಾಕು. ಮೀಟರ್ ಹಾಕಿಸಿಕೊಂಡೇ ಕುಳಿತುಕೊಳ್ಳಿ. ಟರ್ಮಿನಸ್ ಹೊರಗಡೆ ಒಬ್ಬ ಮೀಟರ್ ಇಲ್ಲದೆ ಕೇಳಿದ ದರದಲ್ಲಿ ನಾವು ಮೂರು ಸಲ ಹೋಗಿ ಬರಬಹುದಿತ್ತು.

ಕೆರೆಯ ಉದ್ದಕ್ಕೂ ಆದಿ ಶಂಕರಾಚಾರ್ಯ ಮಾರ್ಗ. ಅದರ ಪಕ್ಕ ಪಾಲಿಕೆಯವರು ಕಟ್ಟಿದ ನಡಿಗೆ ಹಾದಿ ಇದೆ. ಚೆನ್ನಾಗಿದೆ, ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಬಂದರೆ ಮೊಸಳೆಗಳು ಬಿಸಿಲು ಕಾಯಲು ದಡಕ್ಕೆ ಬರುತ್ತವೆ. ಒಣಗಿದ ಮರದ ತುಂಡು ಎಂದು ನಾನು ನೋಡುತ್ತಿದ್ದದ್ದು ನಿಧಾನಕ್ಕೆ ಬಾಯಿ ತೆರೆಯಿತು. ಮಗಳು ನನ್ನ ಅಂಗಿ ಹಿಡಿದು ಹಿಂದಕ್ಕೆ ಎಳೆದಳು. ‘ಹತ್ತಿರದಿಂದ ತೋರಿಸ್ತೇನೆ’ ಎಂದು ಒಬ್ಬ ಬೆನ್ನು ಹತ್ತಿದ್ದ. ದುಡ್ಡು ತೆಗೆದುಕೊಂಡು ನಮ್ಮನ್ನು ಇಳಿಸಿದ್ದು ನೀರಿನಂಚಿನ ಕೆಸರಿಗೆ. ಅಂಥವರ ಮಾತು ಕೇಳಲೇಬೇಡಿ, ಮಕ್ಕಳಿದ್ದರಂತೂ ಖಂಡಿತ ಬೇಡ. ಮನೆಯಲ್ಲಿ ದುರ್ಬೀನು ಇದ್ದರೆ ತನ್ನಿ, ಹಾದಿಯಿಂದಲೇ ಎಲ್ಲ ಕಾಣುತ್ತದೆ.

ಹಾದಿಯಲ್ಲಿ ನಡೆಯುತ್ತ ನೀರನ್ನೇ ನೋಡಿ. ಬಹಳಷ್ಟು ಕಡೆ ನೀರು ಕಾಣುವುದೇ ಇಲ್ಲ, ದಪ್ಪ ಹಸಿರು ಹಾಸು ಮಾತ್ರ. ಅದು ಅಂತರಗಂಗೆ. ದಡಕ್ಕೆ ತೇಲಿ ಬಂದ ಒಂದು ಗಿಡವನ್ನು ಕೋಲಿನಿಂದ ಎಳೆದು ನೋಡಿದೆ. ತೊಟ್ಟು ಗಾಳಿ ತುಂಬಿದ ಬುಗ್ಗೆಯಂತೆ, ಬೇರು ಕಪ್ಪು ಕೂದಲಿನ ಜಡೆಯಂತೆ, ಅದರ ತುಂಬ ಕೊಳಚೆಯ ವಾಸನೆ. ಈ ಗಿಡಕ್ಕೆ ಗೊಬ್ಬರ ಎಂದರೆ ಸುತ್ತಲಿನ ಕಟ್ಟಡ, ಬಸ್ತಿಗಳಿಂದ ಬರುವ ಚರಂಡಿ ನೀರಿನಲ್ಲಿರುವ ಸಾರಜನಕ, ರಂಜಕ. ಹಾಸು ದಟ್ಟವಾದರೆ ಬೆಳಕು ಕೆಳಗಿಳಿಯುವುದಿಲ್ಲ, ಗಿಡ ಕೊಳೆತಾಗ ನೀರಿನ ಆಮ್ಲಜನಕ ಮುಗಿಯುತ್ತದೆ, ಮೀನು ಸಾಯುತ್ತವೆ. ಯಂತ್ರಗಳಿಂದ ಅಂತರಗಂಗೆ ತೆಗೆಸುವ ಕೆಲಸವನ್ನು ಪಾಲಿಕೆ ಮಾಡಿಸುತ್ತದೆ. ತೆಗೆದಷ್ಟೂ ಬೆಳೆಯುತ್ತದೆ. ದಿನಕ್ಕೆ ಸುಮಾರು 1.8 ಕೋಟಿ ಲೀಟರ್ ಕೊಳಚೆ ಈ ಕೆರೆಗೆ ಸೇರುತ್ತಿದೆ ಎಂಬುದು ಪಾಲಿಕೆಯದೇ ಲೆಕ್ಕ. ಒಂದಷ್ಟನ್ನು ಒಳಚರಂಡಿಗೆ ತಿರುಗಿಸುವುದು, ಉಳಿದದ್ದಕ್ಕೆ ಶುದ್ಧೀಕರಣ ಘಟಕ ಕಟ್ಟುವುದು ಅದರ ಯೋಜನೆ. ನಾಲಾಗಳ ಬಾಯಿ ಮುಚ್ಚುವ ಈ ಕೆಲಸ ಎಂದೋ ಆಗಬೇಕಿತ್ತು. ಬೆಂಗಳೂರಿನ ಜಕ್ಕೂರು ಕೆರೆಗೆ ಶುದ್ಧೀಕರಿಸಿದ ನೀರು ಜೊಂಡಿನ ಜೌಗಿನ ಮೂಲಕ ಸೋಸಿ ಬರುವುದನ್ನು ನೋಡಿದವರಿಗೆ ಇದು ಆಗದ ಕೆಲಸವಲ್ಲ ಎಂದು ಗೊತ್ತು.

ಪೊವಾಯಿ ಕಟ್ಟಿದ್ದು ಕುಡಿಯುವ ನೀರಿಗೆಂದು, 1891ರಲ್ಲಿ. ನೀರು ಕೆಟ್ಟಿತೆಂದು ಅದನ್ನು ಕುಡಿಯುವುದು ನಿಂತಿತು. ಈಗ ಕಾರ್ಖಾನೆಗಳಿಗೆ, ಆರೇ ಕಾಲೊನಿಗೆ ಬಳಕೆಯಾಗುತ್ತದೆ. ಇದೇ ಗುಡ್ಡಸಾಲಿನಲ್ಲಿ ಪೊವಾಯಿಗಿಂತ ಹಳೆಯದಾದ, 1860ರಲ್ಲಿ ಮುಗಿದ ವಿಹಾರ್ ಕೆರೆ ಇದೆ. ಅದರ ನೀರನ್ನು ಮುಂಬಯಿ ಇವತ್ತಿಗೂ ಕುಡಿಯುತ್ತದೆ. ವಿಹಾರ್ ಸುತ್ತ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು ಉಳಿದಿದೆ, ಪೊವಾಯಿಯ ಸುತ್ತ ಊರು ಬೆಳೆದಿದೆ. ಎರಡು ಕೆರೆಗಳಿಗೂ ಇರುವ ವ್ಯತ್ಯಾಸ ಅಷ್ಟೇ. ವಿಹಾರ್ ನೋಡಲು ಜನರನ್ನು ಬಿಡುವುದಿಲ್ಲ, ಆ ಕಡೆ ಹೋಗಿ ಹೊತ್ತು ಕಳೆಯಬೇಡಿ.

ಐಐಟಿಯ ಕಡೆ ದಡದಲ್ಲಿ ಒಂದು ಕಥೆ ಇದೆ. 2021ರಲ್ಲಿ ಪಾಲಿಕೆ ಕೆರೆಯಂಚಿಗೆ ಕಲ್ಲು ತುಂಬಿ ಸೈಕಲ್ ಹಾದಿ ಕಟ್ಟಲು ಶುರು ಮಾಡಿತು. ಐಐಟಿಯ ವಿದ್ಯಾರ್ಥಿಗಳು ಹೈಕೋರ್ಟಿಗೆ ಹೋದರು. 2022ರ ಮೇ 6ರಂದು ಬಾಂಬೆ ಹೈಕೋರ್ಟ್ ಆ ಕಾಮಗಾರಿ ಕಾನೂನುಬಾಹಿರ ಎಂದು ಹೇಳಿ, ಹಾಕಿದ್ದನ್ನು ತೆಗೆದು ಜಾಗವನ್ನು ಮೊದಲಿನಂತೆ ಮಾಡಲು ಆದೇಶಿಸಿತು. ಓದಲು ಬಂದ ಹುಡುಗರು ಕೆರೆಗಾಗಿ ಕೋರ್ಟು ಹತ್ತಿ ಗೆದ್ದದ್ದು ನನಗೆ ಇಲ್ಲಿನ ಮೊಸಳೆಗಿಂತ ದೊಡ್ಡ ವಿಷಯ. ಐಐಟಿ ಆವರಣದೊಳಗೆ ಹೊರಗಿನವರನ್ನು ಸಲೀಸಾಗಿ ಬಿಡುವುದಿಲ್ಲ. ಪರಿಚಯದ ಹುಡುಗರು ಓದುತ್ತಿದ್ದರೆ ಅವರ ಜೊತೆ ಹೋಗಿ ಕೆರೆ ದಡದ ಪದ್ಮಾವತಿ ದೇವಿಯ ಗುಡಿಗೆ ಕೈಮುಗಿದು ಬನ್ನಿ.

ವಾಪಸ್ ಕುರ್ಲಾಕ್ಕೆ ಬಂದ ಮೇಲೆ ಇನ್ನರ್ಧ ಗಂಟೆ ಇಟ್ಟುಕೊಳ್ಳಿ. ಕುರ್ಲಾ ಪಶ್ಚಿಮದ ಸಿಎಸ್‌ಟಿ ರಸ್ತೆಯ ಸೇತುವೆ ಮೇಲೆ ನಿಂತು ಮೀಠಿ ನದಿಯನ್ನು ನೋಡಿ. ಮೂಗು ಮುಚ್ಚಿಕೊಳ್ಳುವ ಹಾಗಾಗುತ್ತದೆ, ಆದರೂ ನೋಡಿ. ಮಳೆಗಾಲದಲ್ಲಿ 545 ಕೋಟಿ ಲೀಟರಿನ ಪೊವಾಯಿ ತುಂಬಿ ಕೋಡಿ ಬಿದ್ದರೆ ನೀರು ಬರುವುದು ಇಲ್ಲಿಗೇ. ವಿಹಾರ್ ಕೆರೆಯ ಕೋಡಿಯೂ ಇಲ್ಲಿಗೇ. ನಮ್ಮೂರಲ್ಲಿ ಕೆರೆ ಕೋಡಿ ಬಿದ್ದರೆ ಬಾಗಿನ ಬಿಡುತ್ತೇವೆ. ಇಲ್ಲಿ ಮೀಠಿ ಏರಿದರೆ ದಡದ ಕ್ರಾಂತಿನಗರದ ಜನ ಸಾಮಾನು ಕಟ್ಟಿಕೊಂಡು ಮನೆ ಬಿಡುತ್ತಾರೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ಕುರ್ಲಾದ ನೆಲಮಹಡಿಗಳು ಮುಳುಗಿದವು. ಬೆಳಗ್ಗೆ ಕಂಡ ಆ ನಾಲಾಗಳ ಕೊಳಚೆಯೂ ಕೆರೆಯ ಮೂಲಕ ಈ ಮನೆಗಳವರೆಗೆ ಬರುತ್ತದೆ.

ತಿಂಡಿ, ಖರ್ಚು ಏನೂ ದೊಡ್ಡದಲ್ಲ: ಲೋಕಲ್ ಟಿಕೆಟ್ಟು, ರಿಕ್ಷಾ, ಎರಡು ವಡಾಪಾವ್, ಕಟಿಂಗ್ ಚಹಾ. ಕೆರೆಯಲ್ಲಿ ಮೀನಿಗೆಂದು ಬ್ರೆಡ್ಡು ಎಸೆಯಬೇಡಿ. ದೇವರ ಹೂವನ್ನು ಪ್ಲಾಸ್ಟಿಕ್ ಚೀಲದ ಸಮೇತ ನೀರಿಗೆ ಬಿಡುವವರನ್ನು ಕಂಡರೆ, ನಿಲ್ಲಿಸಿ ಎಂದು ಮೆಲ್ಲಗೆ ಹೇಳಿ. ನಾನು ಹೇಳಿದಾಗ ಒಬ್ಬ ಅಜ್ಜಿ ಚೀಲ ಹಿಂದಕ್ಕೆ ತೆಗೆದುಕೊಂಡರು.