ಅಂಚಿನಲ್ಲಿ ನಿಂತವರೂ ಬಳಿಯಲ್ಲಿ ನಿಲ್ಲುವವರೂ



ಈ ಸ್ಮರಣ ಸಂಚಿಕೆಗೆ ಒಂದು ಪಾಠವನ್ನು ಬರೆದುಕೊಡಬೇಕೆಂದು ಕೆಲವರು ಹಳೆಯ ವಿದ್ಯಾರ್ಥಿನಿಯರು ಕೇಳಿಕೊಂಡಾಗ, ನಾವು ವ್ಯಾಕರಣವನ್ನೋ ಗೃಹಶಾಸ್ತ್ರವನ್ನೋ ಆರಿಸಿಕೊಳ್ಳುವೆವೆಂದು ಅವರು ಎಣಿಸಿದ್ದಿರಬಹುದು. ನಾವು ಆರಿಸಿಕೊಂಡಿರುವ ವಿಷಯವಾದರೋ ಮನೆಗಳಲ್ಲಿ ಬಾಗಿಲು ಮುಚ್ಚಿಕೊಂಡು ಪಿಸುಮಾತಿನಲ್ಲಿ ಆಡುವಂಥದು. ಬದುಕೇ ಸಾಕೆಂದು ತೋರುವ ನಿರಾಶೆ ಎಂಥದು, ಆ ನಿರಾಶೆಯ ಅಂಚಿನಲ್ಲಿ ನಿಂತವರಿಗೆ ನೆರವಾಗುವ ಸಾಮಾನ್ಯ ಜನರು ಏನು ಮಾಡುತ್ತಾರೆ, ಅವರಿಂದ ನಾವು ಕಲಿಯತಕ್ಕದ್ದೇನು ಎಂಬುದೇ ಈ ಪಾಠ. ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳದೆ ಇದನ್ನು ಬೋಧಿಸುವ ಅಧಿಕಾರ ನಮಗಿಲ್ಲ. ಆದುದರಿಂದ ಅಲ್ಲಿಂದಲೇ ತೊಡಗುತ್ತೇವೆ.

1. ನಾವು ಕಾಣದೆ ಹೋದದ್ದು

ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಬಣ್ಣದ ಪೆನ್ಸಿಲುಗಳನ್ನೂ ಕಂಪಾಸು ಪೆಟ್ಟಿಗೆಯನ್ನೂ ಕೆಳತರಗತಿಯ ಮಕ್ಕಳಿಗೆ ಹಂಚಿಬಿಟ್ಟಳು. ನಾವು ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರಿಗೆ ಅವಳ ಔದಾರ್ಯವನ್ನು ಕೊಂಡಾಡಿದೆವು. ಅವಳು ತಲೆಯೆತ್ತಲಿಲ್ಲ, ಅದನ್ನು ವಿನಯವೆಂದು ಬಗೆದೆವು.

ಇಪ್ಪತ್ತು ವರ್ಷ ಪಾಠ ಹೇಳಿದ ನಮ್ಮ ಕಣ್ಣಿಗೆ ಕಾಣದಿದ್ದುದು ವಿದ್ಯಾರ್ಥಿನಿಲಯದ ಅಡುಗೆಯಮ್ಮನವರ ಕಣ್ಣಿಗೆ ಕಂಡಿತು. ಹುಡುಗಿ ಮೂರು ದಿನಗಳಿಂದ ಮುದ್ದೆಯನ್ನು ಮುರಿದು ತಟ್ಟೆಯಲ್ಲಿಯೇ ಬಿಡುತ್ತಿದ್ದಳು. ರಾತ್ರಿ ನಿದ್ರೆಯಿಲ್ಲದೆ ಪಡಸಾಲೆಯಲ್ಲಿ ತಿರುಗುತ್ತಿದ್ದಳು. ಆಕೆ ಅವಳನ್ನು ಒಲೆಯ ಬಳಿ ಕೂರಿಸಿಕೊಂಡು, “ಏನವ್ವ, ಸಾಯೋ ಯೋಚ್ನೆ ಏನಾದ್ರೂ ಮಾಡ್ಕಂಡಿದ್ದೀಯಾ? ನಂತಾವ ಹೇಳವ್ವ” ಎಂದು ನೇರವಾಗಿ ಕೇಳಿದರು. ಹುಡುಗಿ ಒಡನೆಯೇ ಅತ್ತುಬಿಟ್ಟಳು. ತಂದೆಗೆ ಕಬ್ಬಿನ ಸಾಲ, ಮನೆಯಲ್ಲಿ ಇವಳ ಮದುವೆಯ ಮಾತು, ಗಣಿತದಲ್ಲಿ ನಪಾಸು. “ನಾನಿಲ್ದೆ ಇದ್ರೆ ನಮ್ಮಪ್ಪಂಗೆ ಒಂದು ಖರ್ಚು ಕಮ್ಮಿ ಆಯ್ತದೆ ಕಣಕ್ಕ” ಎಂಬುದು ಅವಳು ತನ್ನೊಳಗೇ ಮಾಡಿಕೊಂಡಿದ್ದ ಲೆಕ್ಕವಾಗಿತ್ತು.

ಅಡುಗೆಯಮ್ಮನವರು ಉಪದೇಶ ಹೇಳಲಿಲ್ಲ, ಗದರಿಸಲೂ ಇಲ್ಲ. ಆ ರಾತ್ರಿ ಅವಳನ್ನು ತಮ್ಮ ಪಕ್ಕದಲ್ಲಿಯೇ ಮಲಗಿಸಿಕೊಂಡು, ಬೆಳಗಾದೊಡನೆ ಕೈಹಿಡಿದು ನಮ್ಮ ಬಳಿಗೆ ಕರೆತಂದರು. ನಾವು ತಂದೆತಾಯಿಯನ್ನು ಕರೆಸಿದೆವು, ವೈದ್ಯರಲ್ಲಿಗೂ ಹೋದೆವು. ಆ ಹುಡುಗಿ ಇಂದು ಬದುಕಿದ್ದಾಳೆ, ತನ್ನ ಕಾಲ ಮೇಲೆ ನಿಂತಿದ್ದಾಳೆ. ಅವಳ ಒಪ್ಪಿಗೆಯಿಂದಲೇ ಇಷ್ಟನ್ನು ಬರೆದಿದ್ದೇವೆ. ತನಗೆ ಪ್ರಿಯವಾದುದನ್ನು ಒಬ್ಬಳು ಕಾರಣವಿಲ್ಲದೆ ಹಂಚುವುದು ಕೆಲವು ವೇಳೆ ಬೀಳ್ಕೊಡುಗೆಯ ಗುರುತಾಗಿರಬಹುದೆಂದು ನಾವು ಅಂದು ಕಲಿತೆವು.

2. ಕಡಲ ಬಂಡೆಗಳ ಬಳಿಯಲ್ಲಿ ವಾಸಿಸುವವರು

ನಮ್ಮ ಅಡುಗೆಯಮ್ಮನವರು ಒಲೆಯ ಬಳಿ ಮಾಡಿದುದನ್ನೇ ದೂರದೇಶಗಳಲ್ಲಿ ಕೆಲವರು ಕಡಲಿನ ಎತ್ತರದ ಬಂಡೆಗಳ ಬಳಿ ವರ್ಷಗಟ್ಟಲೆ ಮಾಡುತ್ತ ಬಂದಿದ್ದಾರೆ.

ಆಸ್ಟ್ರೇಲಿಯಾದ ಸಿಡ್ನಿ ನಗರದಲ್ಲಿ ಡಾನ್ ರಿಚೀ ಎಂಬವರಿದ್ದರು. ಯೌವನದಲ್ಲಿ ನೌಕಾದಳದಲ್ಲಿದ್ದು, ಬಳಿಕ ವಿಮೆಯ ಕೆಲಸ ಮಾಡಿಕೊಂಡಿದ್ದ ಇವರ ಮನೆ ಅಂಥದೊಂದು ಬಂಡೆಗೆ ಎದುರಾಗಿಯೇ ಇತ್ತು. ಬೆಳಗ್ಗೆ ಎದ್ದು ಕಿಟಕಿಯಿಂದ ನೋಡುವರು; ಅಂಚಿನಲ್ಲಿ ಯಾರಾದರೂ ಒಂಟಿಯಾಗಿ ಬಹಳ ಹೊತ್ತು ನಿಂತಿದ್ದರೆ ನಿಧಾನವಾಗಿ ನಡೆದುಹೋಗಿ, ಮುಗುಳ್ನಗುತ್ತ ಮಾತನಾಡಿಸಿ, ಮನೆಗೆ ಚಹಾ ಕುಡಿಯಲು ಕರೆಯುವರು. ಸುಮಾರು ಅರ್ಧ ಶತಮಾನದಲ್ಲಿ ಅವರು ಉಳಿಸಿದ ಜೀವಗಳು 160ಕ್ಕೆ ಕಡಮೆಯಿಲ್ಲವೆಂದು ಎಣಿಸಿದ್ದಾರೆ. ಅವರು 2012ರಲ್ಲಿ ತಮ್ಮ 85ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಉಪಕರಣಗಳಾದರೂ ಯಾವುವು? ಒಂದು ಕಿಟಕಿ, ಒಂದು ಮುಗುಳ್ನಗೆ, ಒಂದು ಲೋಟ ಚಹಾ.

ಜಪಾನಿನ ಫುಕುಯಿ ಪ್ರಾಂತದಲ್ಲಿ ಯುಕಿಯೋ ಶಿಗೆ ಎಂಬ ಪೊಲೀಸ್ ಅಧಿಕಾರಿ 2004ರಲ್ಲಿ ನಿವೃತ್ತರಾದ ಮೇಲೆ, ಕಡಲ ಬಂಡೆಗಳ ಸಮೀಪದಲ್ಲಿ ಒಂದು ಸಣ್ಣ ಉಪಾಹಾರದ ಅಂಗಡಿಯನ್ನಿಟ್ಟು, ಜೊತೆಗಾರರೊಡನೆ ಆ ದಾರಿಗಳಲ್ಲಿ ಗಸ್ತು ತಿರುಗಲಾರಂಭಿಸಿದರು. ಕರೆತಂದವರಿಗೆ ಅವರು ಮೊದಲು ಕೊಡುತ್ತಿದ್ದುದು ಅಕ್ಕಿಯ ಕಡುಬು. ಜಪಾನೀಯರ ಮನೆಗಳಲ್ಲಿ ಹೊಸವರ್ಷಕ್ಕೆ ಮಾಡುವ ತಿನಿಸು ಅದು. ತಿನ್ನುವಾಗ ತಾಯಿಯ ಮನೆ ನೆನಪಾಗುತ್ತದೆ. ಇವರಿಂದ 600ಕ್ಕೂ ಹೆಚ್ಚು ಮಂದಿ ಹಿಂದಿರುಗಿದ್ದಾರೆ. ಇಂಗ್ಲೆಂಡಿನ ದಕ್ಷಿಣ ತೀರದಲ್ಲಿಯೂ ಕ್ರೈಸ್ತ ಸ್ವಯಂಸೇವಕರ ಒಂದು ತಂಡ 2004ರಿಂದ ಬಂಡೆಗಳ ಮೇಲೆ ಗಸ್ತು ತಿರುಗುತ್ತ ಬಂದಿದೆ.

ಇವರಲ್ಲಿ ಯಾರೂ ವಾದ ಹೂಡಿ ಗೆದ್ದವರಲ್ಲ ಎಂಬುದನ್ನು ಗಮನಿಸಬೇಕು. ಪ್ರವಾದಿಯಾದ ಎಲೀಯನು ಅರಣ್ಯದಲ್ಲಿ ಒಂದು ಗಿಡದ ಕೆಳಗೆ ಕುಳಿತು ಮರಣವನ್ನು ಬೇಡಿಕೊಂಡಾಗ ಅವನಿಗೆ ಮೊದಲು ದೊರೆತದ್ದು ನಿದ್ರೆ, ರೊಟ್ಟಿ ಮತ್ತು ನೀರು. ಪ್ರಶ್ನೆ ಬಂದದ್ದು ಬಹಳ ದಿನಗಳ ಮೇಲೆ.

3. ಒಬ್ಬ ಬಾಲಿಕೆಯ ಸಮಾಧಿಯಿಂದ ಹುಟ್ಟಿದ ಕಾರ್ಯ

ಹೆಣ್ಣುಮಕ್ಕಳ ಶಾಲೆಯವರಾದ ನಾವು ಮರೆಯಬಾರದ ಒಂದು ಸಂಗತಿಯಿದೆ. ಇಂಗ್ಲೆಂಡಿನಲ್ಲಿ ಚಾಡ್ ವಾರಾ ಎಂಬ ಯುವಕ ಪಾದ್ರಿಗಳು 1935ರಲ್ಲಿ ಒಬ್ಬ ಎಳೆಯ ಹುಡುಗಿಯ ಶವಸಂಸ್ಕಾರವನ್ನು ನಡೆಸಬೇಕಾಯಿತು. ಅವಳು ಮೊದಲ ಸಲ ಮುಟ್ಟಾದಾಗ ಅದು ಕೆಟ್ಟ ರೋಗವೆಂದು ಹೆದರಿ, ಕೇಳಲು ಯಾರೂ ಇಲ್ಲದೆ, ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡಿದ್ದಳು. ತಾಯಿಯೋ ಅಕ್ಕನೋ ಉಪಾಧ್ಯಾಯಿನಿಯೋ ಐದು ನಿಮಿಷ ಕುಳಿತು ಹೇಳಿದ್ದರೆ ಸಾಕಾಗುತ್ತಿತ್ತು.

ಆ ನೋವನ್ನು ಮರೆಯದೆ ಅವರು 1953ರಲ್ಲಿ ಲಂಡನ್ನಿನ ತಮ್ಮ ದೇವಾಲಯದಲ್ಲಿ, ನಿರಾಶರಾದವರು ಬಂದು ಅಥವಾ ದೂರವಾಣಿಯ ಮೂಲಕ ಮಾತನಾಡಲು ಏರ್ಪಾಡು ಮಾಡಿದರು. ಜನರು ತಮ್ಮ ಸರದಿಗಾಗಿ ಕಾದಿರುವಾಗ, ಚಹಾ ಕೊಡುತ್ತ ಅವರ ಮಾತು ಕೇಳುತ್ತಿದ್ದವರು ಸಾಮಾನ್ಯ ಸ್ವಯಂಸೇವಕರು. ಹೀಗೆ ಹೇಳಿಕೊಂಡ ಮೇಲೆ ಅನೇಕರಿಗೆ ಪಾದ್ರಿಗಳನ್ನು ಕಾಣುವ ಅಗತ್ಯವೇ ಉಳಿಯುತ್ತಿರಲಿಲ್ಲ. ಇದನ್ನು ಕಂಡುಕೊಂಡ ಅವರು ಕೆಲವೇ ತಿಂಗಳಲ್ಲಿ ಆ ಕೆಲಸವನ್ನು ಸ್ವಯಂಸೇವಕರಿಗೇ ಒಪ್ಪಿಸಿಬಿಟ್ಟರು. ಇದೇ ಮುಂದೆ ಸಮಾರಿಟನ್ಸ್ ಎಂಬ ಸಂಸ್ಥೆಯಾಯಿತು. ನಮ್ಮ ನೆರೆಯ ಚೆನ್ನೈಯಲ್ಲಿ ‘ಸ್ನೇಹಾ’ 1986ರಲ್ಲಿಯೂ, ಬೆಂಗಳೂರಿನಲ್ಲಿ ‘ಸಹಾಯ್’ 2002ರಲ್ಲಿಯೂ ಇಂಥದೇ ಕಾರ್ಯವನ್ನು ಕೈಗೊಂಡವು.

4. ಆ ಗಳಿಗೆ ಕಳೆಯುತ್ತದೆ

“ಸಾಯಬೇಕೆಂದವರನ್ನು ಇಂದು ತಡೆದರೆ ನಾಳೆ ಸಾಯುತ್ತಾರೆ” ಎನ್ನುವವರುಂಟು. ಇದು ತಪ್ಪು. ಅಮೆರಿಕದ ರಿಚರ್ಡ್ ಸೈಡನ್ ಎಂಬ ವಿದ್ವಾಂಸರು 1937ರಿಂದ 1971ರವರೆಗೆ ಒಂದು ಪ್ರಸಿದ್ಧ ಸೇತುವೆಯಲ್ಲಿ ಪ್ರಾಣತ್ಯಾಗದಿಂದ ತಡೆಯಲ್ಪಟ್ಟ 515 ಮಂದಿಯ ಮುಂದಿನ ಬಾಳನ್ನು ವಿಚಾರಿಸಿ 1978ರಲ್ಲಿ ಪ್ರಕಟಿಸಿದರು. ಅವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಇನ್ನೂ ಬದುಕಿದ್ದರು, ಇಲ್ಲವೆ ಸಹಜ ಮರಣವನ್ನು ಹೊಂದಿದ್ದರು. ಅಂದರೆ ನಿರಾಶೆಯು ಜ್ವರದಂತೆ ಏರಿ, ಜ್ವರದಂತೆಯೇ ಇಳಿಯುವುದು. ಏರಿದ ಗಳಿಗೆಯಲ್ಲಿ ಒಬ್ಬರು ಜೊತೆಗಿರಬೇಕು. ಅಪಾಯದ ವಸ್ತು ಕೈಗೆಟಕದಂತಿರಬೇಕು. ಶ್ರೀಲಂಕೆಯಲ್ಲಿ ಅತಿ ವಿಷಕಾರಿಯಾದ ಕೀಟನಾಶಕಗಳನ್ನು ನಿಷೇಧಿಸುತ್ತ ಬಂದ ಮೇಲೆ, 1995ರಿಂದ 2015ರೊಳಗೆ ಆತ್ಮಹತ್ಯೆಗಳ ಪ್ರಮಾಣವು ನೂರಕ್ಕೆ ಸುಮಾರು ಎಪ್ಪತ್ತರಷ್ಟು ಇಳಿಯಿತು.

5. ನಮ್ಮ ಹೆದ್ದಾರಿಯ ಎರಡು ದಿಕ್ಕು

ಕಡಲೂ ಬಂಡೆಯೂ ಇಲ್ಲದ ಬೆಳ್ಳೂರಿನ ಸೀಮೆಗೆ ಇದೆಲ್ಲ ಏಕೆಂದು ಕೇಳಬೇಡಿರಿ. ಬೆಳ್ಳೂರು ಕ್ರಾಸಿನ ಹೆದ್ದಾರಿ ಪಡುವಣಕ್ಕೆ ಮಂಗಳೂರಿಗೂ ಮೂಡಣಕ್ಕೆ ಬೆಂಗಳೂರಿಗೂ ಹೋಗುತ್ತದೆ. ಪಡುವಣ ತುದಿಯಲ್ಲಿ ಮಂಗಳೂರಿಗೂ ಉಳ್ಳಾಲಕ್ಕೂ ನಡುವೆ ನೇತ್ರಾವತಿ ಸೇತುವೆಯಿದೆ. 2019ರ ಜುಲೈ ತಿಂಗಳಲ್ಲಿ ಅಲ್ಲಿ ನಾಡಿಗೆಲ್ಲ ಪರಿಚಿತರಾಗಿದ್ದ ಉದ್ಯಮಿಯೊಬ್ಬರನ್ನು ಕಳೆದುಕೊಂಡೆವು. ಆಗ ಹಗಲಿರುಳು ನದಿಯಲ್ಲಿ ಹುಡುಕಿದವರಲ್ಲಿ ಸ್ಥಳದ ಬೆಸ್ತರೂ ಇದ್ದರು. ಮರುವರ್ಷ ಸೇತುವೆಯ ಇಕ್ಕೆಲಗಳಿಗೂ ಎತ್ತರದ ಜಾಲರಿಯನ್ನು ಹಾಕಿದರು. ಜಾಲರಿಯು ಆ ಗಳಿಗೆಯನ್ನು ದಾಟಿಸಬಲ್ಲದು, ಆದರೆ ಮಾತನಾಡಿಸಲಾರದು. ಆ ಕೆಲಸ ಮನುಷ್ಯರದೇ.

ಮೂಡಣ ತುದಿಯ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸಂಸ್ಥೆಯಿದೆ. ಅದರ ಮಾರ್ಗದರ್ಶನದಲ್ಲಿ 2022ರ ಅಕ್ಟೋಬರ್ 10ರಂದು ‘ಟೆಲಿ ಮಾನಸ್’ ಎಂಬ ಸೇವೆ ಆರಂಭವಾಯಿತು. ದೂರವಾಣಿಯಲ್ಲಿ 14416 ಎಂದು ಒತ್ತಿದರೆ ಹಗಲಿರುಳು, ಹಣವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ಈ ಐದು ಅಂಕಿಗಳನ್ನು ಗೋಡೆಯ ಪಂಚಾಂಗದ ಮೇಲೆ ಇಂದೇ ಬರೆದಿಡಿರಿ. ಮನೋವೈದ್ಯರು ಮಂಗಳವಾರಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ರೋಗಿಗಳನ್ನು ನೋಡುವ ‘ಮನೋಚೈತನ್ಯ’ ಕಾರ್ಯಕ್ರಮವನ್ನೂ ನಮ್ಮ ರಾಜ್ಯವು 2014ರಲ್ಲಿ ತೊಡಗಿತು.

ನಮ್ಮ ಜಿಲ್ಲೆಯಲ್ಲಿ ಬಂಡೆಯಿಲ್ಲ, ನಿಜ. ಆದರೆ ಅಂಚು ಇದೆ. 2015ರಲ್ಲಿ ಮಂಡ್ಯ ಜಿಲ್ಲೆಯ ಎಷ್ಟೋ ರೈತರು, ಅದರಲ್ಲಿಯೂ ಕಬ್ಬು ಬೆಳೆದವರು, ಸಾಲಕ್ಕೂ ಅವಮಾನಕ್ಕೂ ಸಿಲುಕಿ ತೀರಿಕೊಂಡುದನ್ನು ಯಾರು ಮರೆತಾರು? ಸರ್ಕಾರದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 1,70,924 ಮಂದಿ ಹೀಗೆ ಪ್ರಾಣಬಿಟ್ಟರು. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಸುಮಾರು 25,000 ಮಂದಿ ಗೃಹಿಣಿಯರು. ಈ ಕೊನೆಯ ಅಂಕಿಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಎರಡು ಸಲ ಓದಬೇಕು. ಮದುವೆಯಾಗಿ ದೂರದೂರಿಗೆ ಹೋದ ಗೆಳತಿಯ ಕಾಗದವೋ ಕರೆಯೋ ನಿಂತುಹೋದರೆ ಕೋಪಿಸಿಕೊಳ್ಳದೆ, ನೀವೇ ಹೋಗಿ ಬಾಗಿಲು ತಟ್ಟಿರಿ.

6. ಮನೆಯಲ್ಲಿ ಆಚರಿಸತಕ್ಕದ್ದು

ಮೊದಲನೆಯದು, ಕಾಣುವುದು. ಊಟ ನಿದ್ರೆಗಳು ಕೆಡುವುದು, ಗೆಳತಿಯರನ್ನು ಬಿಟ್ಟು ಒಂಟಿಯಾಗುವುದು, ಪ್ರಿಯ ವಸ್ತುಗಳನ್ನು ಹಂಚುವುದು, “ನಾನು ಎಲ್ಲರಿಗೂ ಭಾರ” ಎನ್ನುವುದು, ಬಹು ದಿನಗಳ ದುಃಖದ ಮೇಲೆ ತಟ್ಟನೆ ಶಾಂತವಾಗುವುದು, ಇವು ಲಕ್ಷಿಸತಕ್ಕ ಗುರುತುಗಳು.

ಎರಡನೆಯದು, ಕೇಳುವುದು. ಸಾವಿನ ಮಾತೆತ್ತಿದರೆ ಇಲ್ಲದ ಯೋಚನೆ ಹುಟ್ಟುವುದೆಂಬ ಭಯ ಬೇಡ. ಪ್ರೀತಿಯಿಂದ ನೇರವಾಗಿ ಕೇಳಿದರೆ ಹೊರೆ ಇಳಿಯುವುದೇ ಹೊರತು ಹೆಚ್ಚುವುದಿಲ್ಲ ಎಂಬುದು ವೈದ್ಯರ ಮಾತು.

ಮೂರನೆಯದು, ಆಲಿಸುವುದು. “ಇಷ್ಟಕ್ಕೇನಾ?” ಎನ್ನಬೇಡಿರಿ. ನೆರೆಮನೆಯ ಹುಡುಗಿಯ ಅಂಕಗಳನ್ನು ಎತ್ತಬೇಡಿರಿ. ಪಾಪವೆಂದು ಹೆದರಿಸಬೇಡಿರಿ, ಅಂಚಿನಲ್ಲಿ ನಿಂತವಳಿಗೆ ಭಯ ಮೊದಲೇ ಸಾಕಷ್ಟಿದೆ.

ನಾಲ್ಕನೆಯದು, ಬಿಟ್ಟುಹೋಗದಿರುವುದು. ಆ ರಾತ್ರಿ ಒಬ್ಬರು ಜೊತೆಗಿರಲಿ. ಬೆಳೆಗೆ ಹೊಡೆಯುವ ಔಷಧಿಯನ್ನು ಮನೆಯೊಳಗಿಡದೆ ಬೀಗದಲ್ಲಿಟ್ಟು, ಕೀಲಿಕೈಯನ್ನು ಮನೆಯ ಹಿರಿಯರೊಬ್ಬರು ತಮ್ಮ ಬಳಿಯಲ್ಲಿಯೇ ಇಟ್ಟುಕೊಳ್ಳಲಿ. “ಯಾರಿಗೂ ಹೇಳಬೇಡಿ” ಎಂದು ಅವಳು ಬೇಡಿದರೂ ಈ ಒಂದು ಗುಟ್ಟನ್ನು ಒಬ್ಬರೇ ಹೊರಬೇಡಿರಿ.

ಐದನೆಯದು, ವೈದ್ಯರಲ್ಲಿಗೆ ಕರೆದೊಯ್ಯುವುದು. ಪೊಲೀಸರ ಭಯದಿಂದ ಎಷ್ಟೋ ಮನೆಗಳವರು ಆಸ್ಪತ್ರೆಗೆ ಹೋಗಲು ಹಿಂಜರಿಯುತ್ತಿದ್ದರು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಇಂಥವರನ್ನು ತೀವ್ರ ಮನೋವೇದನೆಯಲ್ಲಿದ್ದವರೆಂದು ಭಾವಿಸಿ ಆರೈಕೆ ಮಾಡಬೇಕೆಂದು ವಿಧಿಸಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಇದನ್ನು ಅಪರಾಧವೆಂದು ದಂಡಿಸುತ್ತಿದ್ದ ಹಳೆಯ 309ನೆಯ ಕಲಮು ಇಲ್ಲವೇ ಇಲ್ಲ.

ಪರೀಕ್ಷೆಯ ವಿಷಯವಾಗಿ ಒಂದು ಮಾತು. ನಮ್ಮ ರಾಜ್ಯದಲ್ಲಿ ಹತ್ತನೆಯ ತರಗತಿಯವರು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆಗೆ ಕೂರುವ ಅವಕಾಶವಿದೆ. ಸರ್ಕಾರವೇ ಮತ್ತೊಮ್ಮೆ ಬಾಗಿಲು ತೆರೆದಿರುವಾಗ ತಂದೆತಾಯಂದಿರು ಮನೆಯ ಬಾಗಿಲನ್ನು ಮುಚ್ಚಬಾರದು. ಫಲಿತಾಂಶದ ದಿನ ಮಗಳನ್ನು ಒಂಟಿಯಾಗಿ ಬಿಡದೆ, ಅಂಕವನ್ನು ಕೇಳುವ ಮೊದಲು “ಊಟ ಮಾಡಿದೆಯಾ?” ಎಂದು ಕೇಳಿರಿ.

ಎಷ್ಟು ಮಾಡಿದರೂ ಕೆಲವರು ನಮ್ಮ ಕೈತಪ್ಪಿ ಹೋಗುತ್ತಾರೆ. ಅಂಥ ದುಃಖ ಬಂದ ಮನೆಯವರನ್ನು ದೂರುವುದೂ ದೂರವಿಡುವುದೂ ಸಲ್ಲದು. ಅವರೂ ಅಂಚಿನಲ್ಲಿಯೇ ನಿಂತಿರುತ್ತಾರೆ. ಅವರ ಬಳಿಗೂ ಹೋಗಿ ಕುಳಿತುಕೊಳ್ಳಿರಿ.

ನಮ್ಮ ಅಡುಗೆಯಮ್ಮನವರು ಈಗ ನಿವೃತ್ತರಾಗಿದ್ದಾರೆ. ಅಂದು ಆ ಮಾತು ಕೇಳಲು ಧೈರ್ಯ ಹೇಗೆ ಬಂತೆಂದು ನಾವು ಒಮ್ಮೆ ವಿಚಾರಿಸಿದಾಗ, “ಧೈರ್ಯ ಏನು ಬಂತು ದೊಡ್ಡಮ್ಮಾವ್ರೇ, ಮಗ ಉಣ್ಣಿಲ್ಲ, ಕೇಳ್ದೆ” ಎಂದರು. ಇದಕ್ಕಿಂತ ಹೆಚ್ಚಿನದನ್ನು ನಾವು ಈ ಪಾಠದಲ್ಲಿ ಹೇಳಲಾರೆವು.

ಮನೆಯಲ್ಲಿ ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು

1. ನಮ್ಮ ಮನೆಯ ಮಗಳು ಸೋತು ಬಂದ ದಿನ ಮೊದಲು ಯಾರಿಗೆ ಹೇಳಿಕೊಂಡಾಳು? ನಮಗೆ ಅಲ್ಲವಾದರೆ, ಏಕೆ?

2. ಒಂದು ತಿಂಗಳಿಂದ ನಾವು ಮಾತನಾಡಿಸದ ಗೆಳತಿ ಅಥವಾ ಬಂಧು ಯಾರು?

3. ಬೆಳೆಯ ಔಷಧಿ ಈಗ ಎಲ್ಲಿದೆ? ಅದರ ಕೀಲಿಕೈ ಯಾರ ಬಳಿ ಇದೆ?

4. 14416 ಎಂಬ ಅಂಕಿ ಮನೆಯವರೆಲ್ಲರಿಗೂ ಗೊತ್ತಿದೆಯೇ?